ಅನಾಟಮಿಯಿಂದ ಕ್ಯಾನ್ಸರ್ ಸಂಶೋಧನೆಗೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಭಾಗದ ವೈದ್ಯಕೀಯ ವಿದ್ಯಾರ್ಥಿಗಳು, ಜೀವವಿಜ್ಞಾನದ ಪದವೀಧರರು ಮತ್ತು ಅವರ ಪಾಲಕರು ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದೆ. ನೇಮಕಾತಿ ಮತ್ತು ಪ್ರವೇಶದ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಆಯಾ ವರ್ಷದ ಅಧಿಸೂಚನೆಯನ್ನು ತಪ್ಪದೇ ಓದಿಕೊಳ್ಳಬೇಕು.

ಅನಾಟಮಿಗೂ ಕ್ಯಾನ್ಸರ್ ಸಂಶೋಧನೆಗೂ ಏನು ಸಂಬಂಧ?

ಅನಾಟಮಿ, ಅಂದರೆ ದೇಹದ ರಚನೆಯ ಶಾಸ್ತ್ರ, ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ಬಾಯಿಪಾಠ ಮಾಡಿ ಪಾಸಾಗಿ ಮರೆತುಬಿಡುವ ವಿಷಯ ಎಂಬ ಭಾವನೆ ಬಲವಾಗಿರುವುದರಿಂದಲೇ ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಸಲ ಬರುತ್ತದೆ. ಕ್ಯಾನ್ಸರ್ ಹುಟ್ಟುವುದು ಜೀವಕೋಶದಲ್ಲಾದರೂ ಅದು ಹರಡುವುದು ದೇಹದಲ್ಲಿ ಮೊದಲೇ ಇರುವ ದಾರಿಗಳಲ್ಲಿ: ರಕ್ತನಾಳ, ದುಗ್ಧರಸ ನಾಳ, ನರಗಳ ಸುತ್ತಲಿನ ಕವಚ, ಅಂಗಗಳ ನಡುವಿನ ಪದರ. ಈ ದಾರಿಗಳನ್ನು ಬಲ್ಲವರು ಅನಾಟಮಿಯವರು.

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಹೋಗುವ ಮೊದಲೇ ಬೆನ್ನುಮೂಳೆಯಲ್ಲಿ ಕಾಣಿಸಿಕೊಳ್ಳುವುದು ಏಕೆ ಎಂಬುದು ಬಹುಕಾಲ ವೈದ್ಯರಿಗೆ ಬಿಡಿಸಲಾಗದ ಪ್ರಶ್ನೆಯಾಗಿತ್ತು. ಅಮೆರಿಕದ ಅನಾಟಮಿ ತಜ್ಞ ಆಸ್ಕರ್ ಬ್ಯಾಟ್ಸನ್ ಅವರು ಶವಗಳ ಅಭಿಧಮನಿಯೊಳಗೆ ಎಕ್ಸ್-ರೇಯಲ್ಲಿ ಕಾಣುವ ದ್ರಾವಣವನ್ನು ಹಾಯಿಸಿ, ಸೊಂಟದ ಕುಳಿಯ ಅಭಿಧಮನಿಗಳಿಗೂ ಬೆನ್ನುಮೂಳೆಯ ಸುತ್ತಲಿನ ಕವಾಟವಿಲ್ಲದ ಅಭಿಧಮನಿಗಳ ಜಾಲಕ್ಕೂ ನೇರ ಸಂಪರ್ಕವಿರುವುದನ್ನು 1940ರಲ್ಲಿ ತೋರಿಸಿದರು. ಆ ಜಾಲವನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಹಾಗೆಂದು ದಾರಿಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಬಂದು ಸೇರಿದ ಕೋಶಕ್ಕೆ ಅಲ್ಲಿನ ಅಂಗಾಂಶವೂ ಒಗ್ಗಬೇಕು ಎಂಬುದನ್ನು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಷ್ಟು ಹಿಂದೆಯೇ ಮಂಡಿಸಿದ್ದರು. ಅಣುಜೀವವಿಜ್ಞಾನ ಬೆಳೆದ ಮೇಲೆಯೂ ಈ ಎರಡು ವಿಚಾರಗಳಲ್ಲಿ ಯಾವುದೂ ಹಳತಾಗಿಲ್ಲ.

ಚಿಕಿತ್ಸೆಯಲ್ಲೂ ಇದೇ ಮಾತು. ಗುದನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಅದೇ ಜಾಗದಲ್ಲಿ ಗಡ್ಡೆ ಮರುಕಳಿಸುವುದು ಬಹಳ ಸಾಮಾನ್ಯವಾಗಿತ್ತು. ಇಂಗ್ಲೆಂಡಿನ ಶಸ್ತ್ರವೈದ್ಯ ಬಿಲ್ ಹೀಲ್ಡ್ ಅವರು 1982ರಲ್ಲಿ, ಭ್ರೂಣ ಬೆಳೆಯುವಾಗಲೇ ಗುದನಾಳದ ಸುತ್ತ ರೂಪುಗೊಂಡ ಕೊಬ್ಬಿನ ಕವಚವನ್ನು ಅದರ ಹೊರಪದರ ಹರಿಯದಂತೆ ಇಡಿಯಾಗಿ ತೆಗೆಯಬೇಕೆಂದು ವಾದಿಸಿದರು. ಆ ಕ್ರಮ ಜಗತ್ತಿನಾದ್ಯಂತ ರೂಢಿಗೆ ಬಂದು ಮರುಕಳಿಕೆ ಗಣನೀಯವಾಗಿ ಇಳಿಯಿತು. ಹೊಸ ಔಷಧಿ ಯಾವುದೂ ಇಲ್ಲದೆ, ಭ್ರೂಣಶಾಸ್ತ್ರದ ಒಂದು ಪದರವನ್ನು ಗುರುತಿಸಿದ್ದರಿಂದ ಆದ ಬದಲಾವಣೆ ಇದು. ಮೊದಲ ವರ್ಷದ ವಿದ್ಯಾರ್ಥಿಗಳು ಭ್ರೂಣಶಾಸ್ತ್ರದ ಪಾಠವನ್ನು ಬಿಟ್ಟು ಓದುವುದನ್ನು ಕಂಡಾಗಲೆಲ್ಲ ಈ ಉದಾಹರಣೆಯನ್ನು ಹೇಳಬೇಕೆನಿಸುತ್ತದೆ.

ಈ ಕ್ಷೇತ್ರಕ್ಕೆ ಬರಲು ಯಾವ ಯಾವ ದಾರಿಗಳಿವೆ?

ಮುಖ್ಯವಾಗಿ ಎರಡು. ಮೊದಲನೆಯದು ಎಂ.ಬಿ.ಬಿ.ಎಸ್. ಮುಗಿಸಿ ನೀಟ್ ಪಿ.ಜಿ. ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಮೂಲಕ ಮೂರು ವರ್ಷದ ಎಂ.ಡಿ. ಅಥವಾ ಎಂ.ಎಸ್. ಅನಾಟಮಿಗೆ ಸೇರಿ, ಅಧ್ಯಾಪಕರಾದ ಮೇಲೆ ಅಥವಾ ಅದಕ್ಕೂ ಮೊದಲು ಪಿಎಚ್.ಡಿ. ಮಾಡುವುದು. ಅನಾಟಮಿ ಸೀಟುಗಳಿಗೆ ಕ್ಲಿನಿಕಲ್ ವಿಷಯಗಳಷ್ಟು ಪೈಪೋಟಿ ಇಲ್ಲ. ಆದರೆ ಬೇರೇನೂ ಸಿಗಲಿಲ್ಲವೆಂದು ಬಂದವರು ಮೂರು ವರ್ಷವೂ ನೀಟ್ ಮತ್ತೆ ಬರೆಯುವ ಚಿಂತೆಯಲ್ಲೇ ಕಳೆಯುವುದುಂಟು, ಆಸೆಪಟ್ಟು ಬಂದವರು ಅದೇ ಮೂರು ವರ್ಷದಲ್ಲಿ ಬಹಳ ದೂರ ಹೋಗುತ್ತಾರೆ.

ಎರಡನೆಯದು ಬಿ.ಎಸ್ಸಿ. ಪದವಿಯ ನಂತರ ಕೆಲವು ವೈದ್ಯಕೀಯ ಸಂಸ್ಥೆಗಳು ನಡೆಸುವ ಮೂರು ವರ್ಷದ ಮೆಡಿಕಲ್ ಎಂ.ಎಸ್ಸಿ. ಅನಾಟಮಿ, ಇಲ್ಲವೇ ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನದಂಥ ವಿಷಯದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ. ಮಾಡುವುದು.

ಎಂ.ಬಿ.ಬಿ.ಎಸ್. ಓದದವರಿಗೆ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಮಿತಿಯಿದೆ. ಮೆಡಿಕಲ್ ಎಂ.ಎಸ್ಸಿ. ಮತ್ತು ಪಿಎಚ್.ಡಿ. ಪಡೆದವರು ಅನಾಟಮಿ ವಿಭಾಗದ ಹುದ್ದೆಗಳಲ್ಲಿ ಎಷ್ಟು ಪಾಲು ಇರಬಹುದು ಎಂಬ ನಿಯಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಬದಲಿಸುತ್ತ ಬಂದಿದೆ, ಈ ಬದಲಾವಣೆಗಳಿಂದ ಹಲವರ ಭವಿಷ್ಯ ಅತಂತ್ರವಾದದ್ದೂ ಹೌದು. ಆದ್ದರಿಂದ ಈ ದಾರಿಯಲ್ಲಿ ಬರುವವರು ಬೋಧಕ ಹುದ್ದೆಯೊಂದನ್ನೇ ನಂಬಿ ಕೂರದೆ, ಸಂಶೋಧನಾ ಸಂಸ್ಥೆಗಳಲ್ಲೂ ಬೆಲೆ ಸಿಗುವಂಥ ಪ್ರಯೋಗಾಲಯದ ಕೌಶಲವನ್ನು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾನ್ಸರ್ ಜೀವವಿಜ್ಞಾನದ ದೊಡ್ಡ ಕೆಲಸಗಳಲ್ಲಿ ಬಹುಪಾಲು ವೈದ್ಯರಲ್ಲದವರಿಂದಲೇ ಆಗಿದೆ. ಪುಣೆಯಲ್ಲಿ ಹುಟ್ಟಿದ ಕಮಲ ರಣದಿವೆ ಅವರು ಜೀವವಿಜ್ಞಾನಿಯಾಗಿಯೇ ಮುಂಬೈನ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಅಂಗಾಂಶ ಕೃಷಿಯ, ಅಂದರೆ ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸುವ, ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದರು. 1982ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ನಮ್ಮ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಅವಕಾಶ ಎಲ್ಲಿದೆ?

ಬೆಳಗಾವಿಯಲ್ಲಿ 1963ರಲ್ಲಿ ಆರಂಭವಾದ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಸರ್ಕಾರದ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಎಲ್ಲರೂ ಬಿಮ್ಸ್ ಎನ್ನುವ ಕಾಲೇಜು ಇವೆ. ಬಾಗಲಕೋಟೆಯಲ್ಲಿ ಬಿ.ವಿ.ವಿ. ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದಲ್ಲಿ ಬಿ.ಎಲ್.ಡಿ.ಇ.ಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜು ಇವೆ. ಕೆ.ಎಲ್.ಇ. ಮತ್ತು ಬಿ.ಎಲ್.ಡಿ.ಇ. ಎರಡೂ ಡೀಮ್ಡ್ ವಿಶ್ವವಿದ್ಯಾಲಯಗಳಾಗಿರುವುದರಿಂದ ತಮ್ಮದೇ ಪಿಎಚ್.ಡಿ. ನೀಡುತ್ತವೆ, ಉಳಿದ ಕಾಲೇಜುಗಳಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ನಿಯಮ ಅನ್ವಯಿಸುತ್ತದೆ.

ಹಲವರ ಗಮನಕ್ಕೆ ಬಾರದ ಸಂಸ್ಥೆಯೊಂದು ಬೆಳಗಾವಿಯ ನೆಹರೂ ನಗರದಲ್ಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್. ನಡೆಸುವ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಪದ್ಧತಿ ಸಂಸ್ಥೆ ಅದು. ಪಶ್ಚಿಮ ಘಟ್ಟದ ಔಷಧೀಯ ಸಸ್ಯಗಳ ಅಧ್ಯಯನ ಅಲ್ಲಿನ ಮುಖ್ಯ ಕೆಲಸಗಳಲ್ಲಿ ಒಂದು. ಈ ಘಟ್ಟದಲ್ಲಿ ಬೆಳೆಯುವ ನೊಥಪೊಡೈಟಿಸ್ ನಿಮ್ಮೋನಿಯಾನಾ ಎಂಬ ಮರದಲ್ಲಿ ಕ್ಯಾಂಪ್ಟೋಥೆಸಿನ್ ಎಂಬ ವಸ್ತುವಿದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಟೋಪೊಟೆಕಾನ್ ಮತ್ತು ಇರಿನೊಟೆಕಾನ್ ಔಷಧಿಗಳು ಈ ವಸ್ತುವಿನಿಂದ ರೂಪುಗೊಂಡವು. ಸಸ್ಯದಿಂದ ಔಷಧಿಯವರೆಗಿನ ಈ ದಾರಿಯಲ್ಲಿ ಆಸಕ್ತಿ ಇದ್ದವರು ಊರು ಬಿಡುವ ಮೊದಲು ಇಲ್ಲಿ ವಿಚಾರಿಸಬೇಕು. ಸುತ್ತಮುತ್ತ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗಗಳು, ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆ ಇವೆ. ಪ್ರಯೋಗಕ್ಕೆ ಬೇಕಾದ ಕೋಶಗಳನ್ನು ಒದಗಿಸುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಪುಣೆಯಲ್ಲಿದ್ದು, ಬೆಳಗಾವಿಯವರಿಗೆ ಅದು ಬೆಂಗಳೂರಿಗಿಂತ ಹತ್ತಿರ.

ಸಂಶೋಧನೆಯ ವಿಷಯವನ್ನು ಹೇಗೆ ಆರಿಸಿಕೊಳ್ಳಬೇಕು?

ಈ ಪುಟದಲ್ಲಿ ನಾನು ಎಲ್ಲಕ್ಕಿಂತ ಒತ್ತು ಕೊಟ್ಟು ಹೇಳಬಯಸುವುದು ಇದನ್ನೇ: ವಿಷಯ ನಮ್ಮ ರೋಗಿಗಳಿಂದ ಬರಬೇಕು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಭಾಗ ಬೀಡಿ ತಂಬಾಕಿನ ಬೆಳೆಗೆ ಹೆಸರಾದದ್ದು. 1981ರಲ್ಲಿ ಅಲ್ಲಿ ತಂಬಾಕು ಬೆಳೆಗಾರರ ದೊಡ್ಡ ಚಳವಳಿಯೇ ನಡೆದಿತ್ತು. ತಂಬಾಕು ಬೆಳೆಯುವವರು, ಬೀಡಿ ಕಟ್ಟುವ ಹೆಣ್ಣುಮಕ್ಕಳು, ಎಲೆ, ಅಡಿಕೆ, ಸುಣ್ಣದ ಜೊತೆ ತಂಬಾಕು ಹಾಕಿಕೊಳ್ಳುವ ಹಿರಿಯರು, ಗುಟ್ಕಾ ಚಟ ಹತ್ತಿಸಿಕೊಂಡ ಹುಡುಗರು ಎಲ್ಲರೂ ನಮ್ಮವರೇ. ಗುಟ್ಕಾವನ್ನು ಕೆನ್ನೆ ಮತ್ತು ಒಸಡಿನ ನಡುವಿನ ಸಂದಿಯಲ್ಲಿ ಗಂಟೆಗಟ್ಟಲೆ ಇಟ್ಟುಕೊಳ್ಳುವುದರಿಂದ ಆ ಜಾಗದಲ್ಲೇ ಹುಟ್ಟುವ ಕ್ಯಾನ್ಸರ್ ನಮ್ಮ ದೇಶದಲ್ಲಿ ಎಷ್ಟು ಹೆಚ್ಚೆಂದರೆ, ಕ್ಯಾನ್ಸರ್ ಕೋಶಗಳ ಜೀನೋಮ್, ಅಂದರೆ ಇಡೀ ವಂಶವಾಹಿ ಮಾಹಿತಿಯ ಅಧ್ಯಯನದ ಅಂತರರಾಷ್ಟ್ರೀಯ ಕೂಟದಲ್ಲಿ ಭಾರತ ತನ್ನ ಪಾಲಿಗೆ ಆರಿಸಿಕೊಂಡದ್ದು ಇದೇ ರೋಗವನ್ನು.

ದೊಡ್ಡ ಯಂತ್ರವಿಲ್ಲದ ಅನಾಟಮಿ ವಿಭಾಗದಲ್ಲೂ ಈ ರೋಗದ ಬಗ್ಗೆ ಮಾಡಬಹುದಾದ ಕೆಲಸವಿದೆ. ಬಾಯಿಯ ಕ್ಯಾನ್ಸರ್ ಮೊದಲು ಹರಡುವುದು ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ. ಅಮೆರಿಕದ ಜಾರ್ಜ್ ಕ್ರೈಲ್ 1906ರಲ್ಲಿ ವಿವರಿಸಿದ ಹಳೆಯ ಕ್ರಮದಲ್ಲಿ ಈ ಗ್ರಂಥಿಗಳ ಜೊತೆಗೆ ಸ್ನಾಯು, ಕೊರಳಿನ ದೊಡ್ಡ ಅಭಿಧಮನಿ ಮತ್ತು ಹನ್ನೊಂದನೆಯ ಕಪಾಲ ನರವನ್ನೂ ತೆಗೆಯುತ್ತಿದ್ದರು. ನರ ಹೋದರೆ ಭುಜ ಇಳಿಬೀಳುತ್ತದೆ, ಕೈಯನ್ನು ತಲೆಯ ಮೇಲಕ್ಕೆ ಎತ್ತಲಾಗುವುದಿಲ್ಲ. ಹೊಲದಲ್ಲಿ ದುಡಿಯುವವನಿಗೆ ಅದು ಬದುಕಿನ ಪ್ರಶ್ನೆ. ಈಗ ಸಾಧ್ಯವಿದ್ದಲ್ಲೆಲ್ಲ ನರವನ್ನು ಉಳಿಸುತ್ತಾರೆ. ಈ ನರ ಆ ಅಭಿಧಮನಿಯ ಹೊರಬದಿಯಿಂದ ಹಾದುಹೋಗುವುದು ಹೆಚ್ಚು, ಕೆಲವರಲ್ಲಿ ಒಳಬದಿಯಿಂದ, ಅಪರೂಪಕ್ಕೆ ಅಭಿಧಮನಿಯನ್ನೇ ಸೀಳಿಕೊಂಡು ಹೋಗುತ್ತದೆ. ಶವಗಳನ್ನು ಬಿಡಿಸಿ ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಪ್ರತಿ ವರ್ಷ ಬಿಡಿಸುವ ಕುತ್ತಿಗೆಗಳಲ್ಲಿ ಎರಡೂ ಬದಿಯ ಈ ಸಂಬಂಧವನ್ನು ಅಳೆದು, ಫೋಟೋ ತೆಗೆದು, ಕ್ರಮವಾಗಿ ದಾಖಲಿಸುತ್ತ ಹೋದರೆ ಖರ್ಚಿಲ್ಲದೆ ಒಂದು ಉಪಯುಕ್ತ ಅಧ್ಯಯನ ತಯಾರಾಗುತ್ತದೆ, ಪಕ್ಕದ ಕಟ್ಟಡದಲ್ಲಿರುವ ಶಸ್ತ್ರವೈದ್ಯರಿಗೆ ಅದು ನೇರವಾಗಿ ಬೇಕಾಗುತ್ತದೆ.

ಸಸ್ಯದ ರಸವನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ಕೋಶ ಸತ್ತವೆಂದು ತೋರಿಸುವ ಅಧ್ಯಯನಗಳ ಬಗ್ಗೆ ಒಂದು ಎಚ್ಚರಿಕೆ ಬೇಕು. ತಟ್ಟೆಯಲ್ಲಿ ಕೋಶ ಕೊಲ್ಲುವ ವಸ್ತುಗಳಿಗೆ ಲೆಕ್ಕವಿಲ್ಲ. ಅದೇ ಪ್ರಮಾಣ ಆರೋಗ್ಯವಂತ ಕೋಶಕ್ಕೆ ಏನು ಮಾಡುತ್ತದೆ, ರಸದಲ್ಲಿನ ಯಾವ ಅಂಶ ಕೆಲಸ ಮಾಡಿತು, ಯಾವ ಹಾದಿಯಲ್ಲಿ ಮಾಡಿತು ಎಂಬಲ್ಲಿಗೆ ಹೋಗದ ಅಧ್ಯಯನ ಪದವಿಗೆ ಸಾಲಬಹುದು, ರೋಗಿಗೆ ಉಪಯೋಗವಾಗುವುದಿಲ್ಲ. ಅಂಥ ಫಲಿತಾಂಶವನ್ನು ಪತ್ರಿಕೆಯಲ್ಲಿ ಓದಿ ಚಿಕಿತ್ಸೆ ನಿಲ್ಲಿಸಿ ಕಷಾಯ ಕುಡಿಯುವವರೂ ಇರುವುದರಿಂದ, ಬರೆಯುವಾಗ ಪ್ರತಿ ಮಾತನ್ನೂ ತೂಗಿ ಬರೆಯುವ ಹೊಣೆ ಸಂಶೋಧಕರ ಮೇಲಿದೆ.

ದಿನದ ಕೆಲಸ ಹೇಗಿರುತ್ತದೆ?

ಬೆಳಿಗ್ಗೆ ಪಾಠ, ಡಿಸೆಕ್ಷನ್. ಮಧ್ಯಾಹ್ನದ ನಂತರ ಸಂಶೋಧನೆ ಎಂಬುದು ಹೆಚ್ಚಿನ ಕಡೆ ಇರುವ ಕ್ರಮ. ಗಡ್ಡೆಯ ಅಂಗಾಂಶ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಬಂದಾಗ ಅದನ್ನು ಕೆಡದಂತೆ ಕೂಡಲೇ ಫಾರ್ಮಾಲಿನ್‌ನಲ್ಲಿ ಇಡಬೇಕು. ಆಮೇಲೆ ಆಲ್ಕೋಹಾಲಿನ ಏರುಕ್ರಮದ ದ್ರಾವಣಗಳಲ್ಲಿ ನೀರಿನ ಅಂಶ ತೆಗೆದು, ಝೈಲೀನ್ ದಾಟಿಸಿ, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತಾರೆ. ಬ್ಲಾಕನ್ನು ಮೈಕ್ರೋಟೋಮ್‌ನಲ್ಲಿ ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಕತ್ತರಿಸಿದಾಗ ಮೇಣದ ತೆಳ್ಳನೆಯ ಪಟ್ಟಿ ಹೊರಬರುತ್ತದೆ. ಅದನ್ನು ಕುಂಚದ ತುದಿಯಿಂದ ಎತ್ತಿ ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಚ್ಚಿಕೊಂಡ ಕ್ಷಣದಲ್ಲಿ ಗಾಜಿನ ಸ್ಲೈಡಿನ ಮೇಲೆ ಹಿಡಿಯಬೇಕು. ಬ್ಲೇಡಿನ ಅಂಚಿನಲ್ಲಿ ಒಂದು ಸಣ್ಣ ಮುಕ್ಕು ಇದ್ದರೂ ಪ್ರತಿ ಪಟ್ಟಿಯಲ್ಲೂ ಅದೇ ಜಾಗದಲ್ಲಿ ಗೀರು ಕಾಣುತ್ತದೆ. ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿದ ಮೇಲೆ ಕೋಶಕೇಂದ್ರ ನೀಲಿ, ಸುತ್ತಲಿನ ಭಾಗ ಗುಲಾಬಿ. ಈ ಕೈಕೆಲಸವನ್ನು ತಂತ್ರಜ್ಞರಿಗೆ ಬಿಟ್ಟು ಬರೀ ಸ್ಲೈಡ್ ನೋಡುವ ಸಂಶೋಧಕರಿದ್ದಾರೆ. ಸ್ಲೈಡಿನಲ್ಲಿ ಕಾಣುವ ದೋಷ ರೋಗದ್ದೋ ಬ್ಲೇಡಿನದ್ದೋ ತಿಳಿಯಬೇಕಾದರೆ ಒಂದಷ್ಟು ಕಾಲ ತಾವೇ ಕತ್ತರಿಸಬೇಕು, ಹಿರಿಯ ತಂತ್ರಜ್ಞರ ಪಕ್ಕ ಕುಳಿತು ಕಲಿಯಬೇಕು.

ಅನಾಟಮಿ ತಜ್ಞರು ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಾರೆಯೇ?

ಇಲ್ಲ. ರೋಗಿಯನ್ನು ನೋಡುವ ಆಸೆ ಬಲವಾಗಿದ್ದರೆ ಶಸ್ತ್ರಚಿಕಿತ್ಸೆ, ರೇಡಿಯೋಥೆರಪಿ ಅಥವಾ ಮೆಡಿಸಿನ್ ಕಡೆಗೆ ಹೋಗುವುದೇ ಸರಿ.

ಎಂ.ಬಿ.ಬಿ.ಎಸ್. ಓದುತ್ತಿರುವಾಗಲೇ ಆರಂಭಿಸಬಹುದೇ?

ಖಂಡಿತ. ಐ.ಸಿ.ಎಂ.ಆರ್. 1979ರಿಂದ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ವಿದ್ಯಾರ್ಥಿವೇತನ ನಡೆಸುತ್ತಿದೆ. ಒಬ್ಬ ಮಾರ್ಗದರ್ಶಕರ ಕೈಕೆಳಗೆ ಎರಡು ತಿಂಗಳ ಸಣ್ಣ ಯೋಜನೆ ಮಾಡಿ ವರದಿ ಒಪ್ಪಿಸಬೇಕು. ವರದಿ ಒಪ್ಪಿತವಾದರೆ ಹಣವೂ ಪ್ರಮಾಣಪತ್ರವೂ ಸಿಗುತ್ತವೆ. ಅರ್ಜಿಯ ಅವಧಿ ಚಿಕ್ಕದಾಗಿರುವುದರಿಂದ ಅಧ್ಯಾಪಕರೊಂದಿಗೆ ಮೊದಲೇ ಮಾತಾಡಿ ವಿಷಯ ಗೊತ್ತು ಮಾಡಿಕೊಂಡಿರಬೇಕು, ಸಂಸ್ಥೆಯ ನೈತಿಕ ಸಮಿತಿಯ ಅನುಮತಿಗೆ ಹಿಡಿಯುವ ಕಾಲವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಪಿಎಚ್.ಡಿ. ಅವಧಿಯಲ್ಲಿ ಹೊಟ್ಟೆಪಾಡಿಗೆ ಏನು ಮಾಡುವುದು?

ಎಂ.ಎಸ್ಸಿ. ಮಾಡಿದವರಿಗೆ ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯ ಜೀವವಿಜ್ಞಾನ ವಿಭಾಗ, ಐ.ಸಿ.ಎಂ.ಆರ್. ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ ಜೆ.ಆರ್.ಎಫ್., ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ಮುಖ್ಯ ದಾರಿಗಳು. 2023ರ ಜನವರಿಯಿಂದ ಜೆ.ಆರ್.ಎಫ್. ಮೊತ್ತ ತಿಂಗಳಿಗೆ 37,000 ರೂಪಾಯಿ, ಎಸ್.ಆರ್.ಎಫ್., ಅಂದರೆ ಹಿರಿಯ ಸಂಶೋಧನಾ ಫೆಲೋ ಆದಮೇಲೆ 42,000 ರೂಪಾಯಿ ಎಂದು ನಿಗದಿಯಾಯಿತು. ಮನೆ ಬಾಡಿಗೆ ಭತ್ಯೆ ಬೇರೆ. ಹಣ ತಡವಾಗಿ ಕೈಸೇರುವುದೂ ಉಂಟು, ಆದ್ದರಿಂದ ಕೆಲವು ತಿಂಗಳ ಖರ್ಚನ್ನು ಎತ್ತಿಟ್ಟುಕೊಂಡಿರಬೇಕು. ಫೆಲೋಶಿಪ್ ಇಲ್ಲದೆ, ಗೈಡ್ ಮುಂದೆ ಏನಾದರೂ ವ್ಯವಸ್ಥೆ ಮಾಡುತ್ತಾರೆಂಬ ಭರವಸೆಯ ಮೇಲೆ ಮಾತ್ರ ಪೂರ್ಣಾವಧಿಗೆ ಸೇರಬಾರದು.

ಗೈಡ್ ಆಯ್ಕೆಯಲ್ಲಿ ಏನನ್ನು ನೋಡಬೇಕು?

ಅವರ ಕೈಕೆಳಗೆ ಮೊದಲು ಮಾಡಿದವರನ್ನು ಭೇಟಿಯಾಗಿ ಮಾತಾಡಿ. ಎಷ್ಟು ವರ್ಷಕ್ಕೆ ಮುಗಿಯಿತು, ಲೇಖನದಲ್ಲಿ ಕೆಲಸ ಮಾಡಿದವರ ಹೆಸರು ಮೊದಲು ಬಂತೇ, ರಾಸಾಯನಿಕಗಳ ಖರ್ಚನ್ನು ಯಾರು ಕೊಟ್ಟರು ಎಂಬ ಮೂರು ಪ್ರಶ್ನೆಗೆ ಸಿಗುವ ಉತ್ತರ ಅವರ ಹೆಸರಿನ ಮುಂದಿರುವ ಪದವಿಗಳಿಗಿಂತ ಹೆಚ್ಚು ತಿಳಿಸುತ್ತದೆ. ಕ್ಯಾನ್ಸರ್ ವಿಷಯವಾದರೆ ರೋಗದ ಅಂಗಾಂಶವನ್ನು ಪರೀಕ್ಷಿಸುವ ಪೆಥಾಲಜಿ ಅಥವಾ ಶಸ್ತ್ರಚಿಕಿತ್ಸಾ ವಿಭಾಗದ ಒಬ್ಬರು ಸಹ-ಮಾರ್ಗದರ್ಶಕರಾಗಿ ಇರಲೇಬೇಕು. ಅನಾಟಮಿ ವಿಭಾಗಕ್ಕೆ ರೋಗಿಯ ಅಂಗಾಂಶ ತಾನಾಗಿ ಬರುವುದಿಲ್ಲ.

ಬಡ್ತಿ ಹೇಗೆ ಆಗುತ್ತದೆ? ಲೇಖನಗಳು ಎಷ್ಟು ಮುಖ್ಯ?

ಸಹಾಯಕ ಪ್ರಾಧ್ಯಾಪಕರಾಗಿ ನಾಲ್ಕು ವರ್ಷ ಕಳೆದರೆ ಸಹ ಪ್ರಾಧ್ಯಾಪಕ, ಆ ಹುದ್ದೆಯಲ್ಲಿ ಮೂರು ವರ್ಷ ಕಳೆದರೆ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ. ಜೊತೆಗೆ ನಿಗದಿತ ಸಂಖ್ಯೆಯ ಪ್ರಕಟಿತ ಲೇಖನಗಳು, ಬೋಧನಾ ತರಬೇತಿ ಮತ್ತು ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸ್ ಬೇಕು. ಅರ್ಹತೆ ಬಂದ ಕೂಡಲೇ ಹುದ್ದೆ ಸಿಗುವುದಿಲ್ಲ. ಜಾಗ ಖಾಲಿ ಇರಬೇಕು.

ಬಡ್ತಿಯ ಒತ್ತಡದಿಂದಲೇ ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ದಂಧೆ ಬೆಳೆದಿದೆ. ಕೆಲವೇ ದಿನಗಳಲ್ಲಿ ಪ್ರಕಟಿಸುತ್ತೇವೆಂದು ತಾವಾಗಿ ಮೇಲ್ ಕಳಿಸುವ ಪತ್ರಿಕೆಯಿಂದ ದೂರವಿರಿ. ಕೆಲಸವೆಲ್ಲ ಒಬ್ಬರದಾಗಿದ್ದು ಮುಖ್ಯಸ್ಥರೆಂಬ ಕಾರಣಕ್ಕೆ ಇನ್ನೊಬ್ಬರ ಹೆಸರು ಸೇರುವ ಪದ್ಧತಿಯೂ ನಿಲ್ಲಬೇಕು. ಕಿರಿಯರ ಹುಮ್ಮಸ್ಸನ್ನು ಅದು ಮೊದಲ ಲೇಖನದಲ್ಲೇ ಮುರಿಯುತ್ತದೆ.

ಫಾರ್ಮಾಲಿನ್‌ನಿಂದಲೇ ಕ್ಯಾನ್ಸರ್ ಬರುತ್ತದೆ ಎನ್ನುತ್ತಾರೆ, ನಿಜವೇ?

ಶವಗಳನ್ನು ಕೆಡದಂತೆ ಇಡುವ ಫಾರ್ಮಾಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಅನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್ ಜೊತೆಗಿನ ಸಂಬಂಧ ಅದರ ಮುಖ್ಯ ಆಧಾರಗಳಲ್ಲಿ ಒಂದು. ಅಪಾಯ ಎಷ್ಟೆಂಬುದು ಗಾಳಿಯಲ್ಲಿ ಅದು ಎಷ್ಟಿದೆ, ಎಷ್ಟು ವರ್ಷ ಉಸಿರಾಡಿದೆವು ಎಂಬುದರ ಮೇಲೆ ನಿಂತಿದೆ. ಎರಡು ತಾಸಿನ ಡಿಸೆಕ್ಷನ್ ಮುಗಿಸಿ ಹೋಗುವ ವಿದ್ಯಾರ್ಥಿಗಿಂತ ದಿನವಿಡೀ ಅಲ್ಲೇ ಇರುವ ಅಧ್ಯಾಪಕರಿಗೆ, ತೊಟ್ಟಿಯಿಂದ ಶವ ಎತ್ತುವ ಸಿಬ್ಬಂದಿಗೆ ಅಪಾಯ ಹೆಚ್ಚು. ಫಾರ್ಮಾಲಿನ್ ಆವಿ ಗಾಳಿಗಿಂತ ತುಸು ಭಾರವಾದ್ದರಿಂದ ಗಾಳಿ ಹೊರಹಾಕುವ ಫ್ಯಾನನ್ನು ಛಾವಣಿಯ ಹತ್ತಿರ ಮಾತ್ರವಲ್ಲದೆ ಮೇಜಿನ ಮಟ್ಟದಲ್ಲೂ ಹಾಕಿಸಬೇಕು. ಆಸ್ಟ್ರಿಯದ ವಾಲ್ಟರ್ ಥೀಲ್ 1992ರಲ್ಲಿ ಪ್ರಕಟಿಸಿದ, ಫಾರ್ಮಾಲಿನ್ ಬಹಳ ಕಡಿಮೆ ಬಳಸುವ ಕ್ರಮದಂಥವು ಇವೆ. ಖರ್ಚು ಹೆಚ್ಚಾದರೂ ಸಿಬ್ಬಂದಿಯ ಆರೋಗ್ಯದ ದೃಷ್ಟಿಯಿಂದ ಕಾಲೇಜುಗಳು ಇವನ್ನು ಗಂಭೀರವಾಗಿ ಪರಿಗಣಿಸಬೇಕು.

ದೇಹದಾನದ ಬಗ್ಗೆ ಮನೆಯವರಿಗೆ ಹೇಗೆ ಹೇಳುವುದು?

ಈ ವಿಷಯದಲ್ಲಿ ಬೆಳಗಾವಿ ಭಾಗ ನಾಡಿಗೇ ಮಾದರಿ. ಬೈಲಹೊಂಗಲದ ವೈದ್ಯರೊಬ್ಬರು ತಮ್ಮ ದೇಹವನ್ನು ದಾನ ಮಾಡಿದಾಗ, ಅವರ ಇಚ್ಛೆಯಂತೆ ಅನಾಟಮಿ ಅಧ್ಯಾಪಕರಾದ ಅವರ ಮಗನೇ 2010ರಲ್ಲಿ ಬೆಳಗಾವಿಯಲ್ಲಿ ವಿದ್ಯಾರ್ಥಿಗಳ ಮುಂದೆ ಆ ದೇಹದ ಡಿಸೆಕ್ಷನ್ ಮಾಡಿದರು. ಜೀವಂತ ಇರುವಾಗಲೇ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಅರ್ಜಿ ತುಂಬಬೇಕು, ಹತ್ತಿರದ ಸಂಬಂಧಿಕರ ಸಹಿಯೂ ಬೇಕು, ಏಕೆಂದರೆ ಕೊನೆಗೆ ದೇಹವನ್ನು ಒಪ್ಪಿಸುವವರು ಅವರೇ. ಮರಣದ ನಂತರ ಕಣ್ಣು ದಾನವಾದರೂ ದೇಹವನ್ನು ಸ್ವೀಕರಿಸುತ್ತಾರೆ. ಮರಣೋತ್ತರ ಪರೀಕ್ಷೆ ಆಗಿದ್ದರೆ ಅಥವಾ ಕೆಲವು ಸಾಂಕ್ರಾಮಿಕ ರೋಗಗಳಿದ್ದರೆ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ಕಷ್ಟವೇ?

ಮೊದಲ ಆರು ತಿಂಗಳು ಕಷ್ಟ. ಅನಾಟಮಿಯ ಹೆಸರುಗಳು ಬಹುತೇಕ ಲ್ಯಾಟಿನ್ ಮತ್ತು ಗ್ರೀಕ್ ಮೂಲದವು, ಇಂಗ್ಲಿಷ್ ಮಾಧ್ಯಮದವರಿಗೂ ಅವು ಹೊಸವೇ. ಲೇಖನ ಬರೆಯುವ ಇಂಗ್ಲಿಷ್ ಅಭ್ಯಾಸದಿಂದ ಬರುತ್ತದೆ. ರೋಗಿಯಿಂದ ಒಪ್ಪಿಗೆ ಪಡೆಯುವಾಗ, ಎಷ್ಟು ವರ್ಷದಿಂದ ತಂಬಾಕು ಹಾಕುತ್ತಾರೆಂದು ಕೇಳುವಾಗ, ಅವರ ಮಾತಿನಲ್ಲೇ ಕೇಳಬಲ್ಲವರಿಗೆ ಸಿಗುವ ಮಾಹಿತಿಯ ನಿಖರತೆಯೇ ಬೇರೆ. ಗಡಿಭಾಗದಲ್ಲಿ ಮರಾಠಿಯೂ ಬಂದರೆ ಇನ್ನೂ ಅನುಕೂಲ.

ಮದುವೆ, ಮಕ್ಕಳು ಆದಮೇಲೆ ಪಿಎಚ್.ಡಿ. ಮುಂದುವರಿಸಲು ಸಾಧ್ಯವೇ?

ಹೆಣ್ಣುಮಕ್ಕಳೂ ಅವರ ತಂದೆ-ತಾಯಂದಿರೂ ಬಹಳ ಸಲ ಕೇಳುವ ಪ್ರಶ್ನೆ ಇದು. ಯು.ಜಿ.ಸಿ.ಯ 2022ರ ನಿಯಮಗಳ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಇನ್ನೂ ಎರಡು ವರ್ಷದ ಹೆಚ್ಚಿನ ಅವಕಾಶ ಮತ್ತು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯ ಅವಕಾಶವಿದೆ. ಕೆಲಸ ಬಿಟ್ಟು ಕೆಲಕಾಲ ಮನೆಯಲ್ಲಿದ್ದು ಮತ್ತೆ ಸಂಶೋಧನೆಗೆ ಮರಳುವವರಿಗೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಕಾರ್ಯಕ್ರಮದಡಿ ಪ್ರತ್ಯೇಕ ಫೆಲೋಶಿಪ್‌ಗಳಿವೆ. ಗರ್ಭಿಣಿಯಾಗಿರುವಾಗ ಫಾರ್ಮಾಲಿನ್ ಮತ್ತು ಝೈಲೀನ್ ಇರುವ ಕೊಠಡಿಯ ಕೆಲಸದಿಂದ ದೂರವಿರಬೇಕು. ಆ ತಿಂಗಳುಗಳನ್ನು ಅಂಕಿಅಂಶಗಳ ವಿಶ್ಲೇಷಣೆ ಮತ್ತು ಬರವಣಿಗೆಗೆ ಮೀಸಲಿಡುವಂತೆ ಗೈಡ್ ಜೊತೆ ಮೊದಲೇ ಲಿಖಿತವಾಗಿ ಒಪ್ಪಂದ ಮಾಡಿಕೊಂಡಿರಬೇಕು.